ಬಾನುಲಿಯ ಪರವಾಗಿ ಪ್ರತಿನಿಧಿಗೊಂದು ಓಲೆ

2007ನೆಯ ಇಸವಿಯ ಜೂನ್ 26ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ, ಅಂತರ್ಜಾಲದ ಮೂಲಕ ಸಂಗೀತವನ್ನು ಬಿತ್ತರಿಸುತ್ತಿದ್ದ ಸಾವಿರಾರು ಬಾನುಲಿ ವಾಹಿನಿಗಳು, ಸರ್ಕಾರದ ಆಜ್ಞೆಯೊಂದೂ ಇಲ್ಲದೆ, ಯಂತ್ರದ ದೋಷವೊಂದೂ ಇಲ್ಲದೆ, ತಮ್ಮ ಇಚ್ಛೆಯಿಂದಲೇ ಒಂದು ದಿನದ ಮಟ್ಟಿಗೆ ಮೌನವ್ರತವನ್ನು ಕೈಕೊಂಡುವು. ಯಾಹೂವಿನಂತಹ ಮಹಾಸಂಸ್ಥೆ, ಸಾಂಟಾ ಮೋನಿಕಾ ನಗರದ ಸಾರ್ವಜನಿಕ ಬಾನುಲಿಯಾದ ಕೆಸಿಆರ್‌ಡಬ್ಲ್ಯೂ, ಹವ್ಯಾಸಿಗಳಿಗೆ ವಾಹಿನಿಗಳನ್ನು ಒದಗಿಸಿಕೊಡುತ್ತಿದ್ದ ಲೈವ್365, ಮನೆಯ ಮೂಲೆಯಲ್ಲೊಂದು ಕಂಪ್ಯೂಟರನ್ನಿಟ್ಟುಕೊಂಡು ತನಗೆ ಪ್ರಿಯವಾದ ಸಂಗೀತವನ್ನು ಲೋಕಕ್ಕೆ ಕೇಳಿಸುತ್ತಿದ್ದ ಏಕಾಂಗಿ ರಸಿಕ, ಇವರೆಲ್ಲರೂ ಆ ದಿನ ಒಂದೇ ಪಂಕ್ತಿಯಲ್ಲಿ ಕುಳಿತರು. ಎಂದಿನಂತೆ ಹಾಡು ಕೇಳಲೆಂದು ಬಂದ ಶ್ರೋತೃಗಳಿಗೆ ದೊರೆತದ್ದು ನಿಶ್ಶಬ್ದ. ಅದರ ನಡುನಡುವೆ ಒಂದು ವಿಜ್ಞಾಪನೆ: ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಈ ದಿನವೇ ದೂರವಾಣಿಯಲ್ಲಿ ತಿಳಿಸಿ, ಇಲ್ಲವೆ ಪತ್ರ ಬರೆಯಿರಿ, ಕಾಲ ಮೀರುತ್ತಿದೆ. ಜನತಂತ್ರದಲ್ಲಿ ಸಾಮಾನ್ಯ ಪ್ರಜೆಯ ಪತ್ರಕ್ಕೆ ಬೆಲೆಯುಂಟೆ ಎಂದು ನಿರಾಶರಾಗಿ ಕೇಳುವವರು ನಮ್ಮಲ್ಲಿ ಬಹುಮಂದಿ. ಅವರ ಆ ಸಂದೇಹಕ್ಕೆ ಈ ಪ್ರಕರಣವು ಕೊಡತಕ್ಕ ಉತ್ತರ ಸಾಕಷ್ಟು ಸ್ಪಷ್ಟವಾಗಿರುವುದರಿಂದ, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನಿರೂಪಿಸುತ್ತೇನೆ.

ಸಂಕಟದ ಮೂಲವಿದ್ದದ್ದು ಅದೇ ವರ್ಷದ ಮಾರ್ಚ್ 2ರಂದು ಹೊರಬಿದ್ದ ಒಂದು ತೀರ್ಪಿನಲ್ಲಿ. ಧ್ವನಿಮುದ್ರಿತ ಸಂಗೀತವನ್ನು ಅಂತರ್ಜಾಲದಲ್ಲಿ ಬಿತ್ತರಿಸುವವರು ಗಾಯಕರಿಗೂ ವಾದಕರಿಗೂ ಮುದ್ರಿಕೆಯ ಒಡೆತನವುಳ್ಳ ಸಂಸ್ಥೆಗಳಿಗೂ ಎಷ್ಟು ರಾಯಧನವನ್ನು ಸಲ್ಲಿಸಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಅಲ್ಲಿ ಕೃತಿಸ್ವಾಮ್ಯ ರಾಯಧನ ಮಂಡಳಿಯೆಂಬ, ಮೂವರು ನ್ಯಾಯಾಧೀಶರ ಪೀಠಕ್ಕೆ ಸೇರಿದ್ದು. ಆ ಪೀಠವು, ಒಂದು ಹಾಡು ಒಬ್ಬ ಶ್ರೋತೃವನ್ನು ತಲುಪಿದರೆ ಅದನ್ನು ಒಂದು ಪ್ರಸಾರವೆಂದು ಎಣಿಸಿ, ಅಂತಹ ಪ್ರತಿಯೊಂದು ಪ್ರಸಾರಕ್ಕೂ 2006ನೆಯ ವರ್ಷಕ್ಕೆ 0.08 ಸೆಂಟ್, 2007ಕ್ಕೆ 0.11, 2008ಕ್ಕೆ 0.14, 2009ಕ್ಕೆ 0.18, 2010ಕ್ಕೆ 0.19 ಸೆಂಟ್ ಎಂದು ಏರುಕ್ರಮದಲ್ಲಿ ದರವನ್ನು ಗೊತ್ತುಪಡಿಸಿತು. ಅದರ ಮೇಲೆ ಒಂದೊಂದು ವಾಹಿನಿಗೂ ವರ್ಷಕ್ಕೆ ಕನಿಷ್ಠ 500 ಡಾಲರ್ ಸಲ್ಲತಕ್ಕದ್ದೆಂದು ವಿಧಿಸಿತು. 2006ನೆಯ ವರ್ಷ ಆಗಲೇ ಮುಗಿದುಹೋಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಅಂದರೆ ಕಳೆದ ವರ್ಷ ಕೇಳಿಸಿದ ಹಾಡಿನ ಲೆಕ್ಕವನ್ನೂ ಈಗ ಹೊಸ ದರದಲ್ಲಿ ಮತ್ತೆ ಮಾಡಿ ಬಾಕಿಯನ್ನು ತೀರಿಸಬೇಕಾಯಿತು. ಅದಕ್ಕೆ ಮುನ್ನ ಸಣ್ಣ ಕೇಂದ್ರಗಳಿಗೆ ತಮ್ಮ ಆದಾಯದ ಶೇಕಡಾ 10 ಅಥವಾ 12ರಷ್ಟನ್ನು ಸಲ್ಲಿಸುವ ಅನುಕೂಲವಿತ್ತು. ಹೊಸ ತೀರ್ಪಿನಲ್ಲಿ ಆ ಅನುಕೂಲಕ್ಕೆ ಸ್ಥಾನವಿರಲಿಲ್ಲ.

ಸೆಂಟಿನ ಹತ್ತರಲ್ಲೊಂದು ಭಾಗವೆಂದರೆ ಎಷ್ಟು ಮಹಾ ಎಂದು ಯಾರಿಗಾದರೂ ತೋರುವುದು ಸಹಜ. ಆದ್ದರಿಂದ ಲೆಕ್ಕವನ್ನು ಬಿಡಿಸಿಯೇ ನೋಡೋಣ. ಯಾವ ಹೊತ್ತಿನಲ್ಲಿಯೂ ಸರಾಸರಿ ಸಾವಿರ ಮಂದಿ ಕೇಳುತ್ತಿರುವ, ಗಂಟೆಗೆ ಹದಿನೈದು ಹಾಡುಗಳನ್ನು ಬಿತ್ತರಿಸುವ ಒಂದು ಸಣ್ಣ ಕೇಂದ್ರವನ್ನು ಊಹಿಸಿಕೊಳ್ಳಿ. ಗಂಟೆಗೆ 15,000 ಪ್ರಸಾರಗಳಾದವು, ದಿನಕ್ಕೆ 3,60,000, ವರ್ಷಕ್ಕೆ 13 ಕೋಟಿ 14 ಲಕ್ಷ. ಇದನ್ನು 2007ರ ದರದಿಂದ ಗುಣಿಸಿದರೆ ಬರುವ ಮೊತ್ತ 1,44,540 ಡಾಲರ್. 2010ರ ದರದಿಂದ ಗುಣಿಸಿದರೆ 2,49,660 ಡಾಲರ್. ಶ್ರೋತೃಗಳ ಕಾಣಿಕೆಯಿಂದಲೋ ಅಲ್ಪಸ್ವಲ್ಪ ಜಾಹೀರಾತಿನಿಂದಲೋ ವರ್ಷಕ್ಕೆ ಐವತ್ತು ಸಾವಿರ ಡಾಲರ್ ಕೂಡಿಸಿಕೊಂಡು, ಅದರಲ್ಲಿ ಐದು ಸಾವಿರವನ್ನು ರಾಯಧನಕ್ಕೆಂದು ತೆಗೆದಿಟ್ಟು ಬಾಳುತ್ತಿದ್ದ ಕೇಂದ್ರವೊಂದಕ್ಕೆ, ತನ್ನ ಒಟ್ಟು ಉತ್ಪತ್ತಿಯ ಸುಮಾರು ಮೂರು ಪಟ್ಟು ಹಣವನ್ನು ರಾಯಧನವೊಂದಕ್ಕೇ ಕೊಡೆಂದು ಹೇಳಿದರೆ, ಅದು ದರವನ್ನು ಏರಿಸಿದಂತಾಗಲಿಲ್ಲ, ಬಾಗಿಲು ಮುಚ್ಚೆಂದು ಆಜ್ಞಾಪಿಸಿದಂತಾಯಿತು.

ಈ ವಿಷಮತೆಯ ಸ್ವರೂಪ ಸರಿಯಾಗಿ ತಿಳಿಯಬೇಕಾದರೆ ಎರಡು ಬಗೆಯ ಬಾನುಲಿಗಳ ಭೇದವನ್ನರಿಯಬೇಕು. ಗೋಪುರದಿಂದ ತರಂಗಗಳನ್ನು ಹೊರಡಿಸುವ ಹಳೆಯ ಬಾನುಲಿಯು ಊರ ನಡುವೆ ಸಾರುವ ಡಂಗುರದಂತೆ. ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಸಾರುವವನ ಶ್ರಮ ಒಂದೇ. ಅಂತರ್ಜಾಲದ ಬಾನುಲಿಯಾದರೋ ಮನೆಮನೆಗೂ ಪ್ರತ್ಯೇಕವಾದ ಓಲೆಯನ್ನು ಮುಟ್ಟಿಸುವ ಅಂಚೆಯವನಂತೆ; ಕೇಳುವ ಮನೆಯೊಂದು ಹೆಚ್ಚಿದರೆ ಅದರ ವೆಚ್ಚವೂ ಅಷ್ಟು ಹೆಚ್ಚುತ್ತದೆ. ಇದು ಯಂತ್ರಧರ್ಮವಾಯಿತು. ಆದರೆ ಶಾಸನವೂ ಅವೆರಡನ್ನು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಿತು. ಅಮೆರಿಕಾದಲ್ಲಿ ಗೋಪುರದ ಬಾನುಲಿಗಳು ಹಾಡನ್ನು ರಚಿಸಿದವರಿಗೆ ಹಣ ಸಲ್ಲಿಸುತ್ತವೆಯೇ ಹೊರತು, ಅದನ್ನು ಹಾಡಿದವರಿಗಾಗಲಿ ನುಡಿಸಿದವರಿಗಾಗಲಿ ಮುದ್ರಿಕೆಯ ಒಡೆಯರಿಗಾಗಲಿ ಕಾನೂನಿನ ಪ್ರಕಾರ ಏನನ್ನೂ ಸಲ್ಲಿಸಬೇಕಾದುದಿಲ್ಲ. 1995ರ ಮತ್ತು 1998ರ ಶಾಸನಗಳು ಈ ಋಣವನ್ನು ಹೊಸ ಮಾಧ್ಯಮಗಳ ಮೇಲೆ ಮಾತ್ರ ಹೊರಿಸಿದುವು. ಅದರಲ್ಲಿಯೂ ಉಪಗ್ರಹದ ಮೂಲಕ ಬಿತ್ತರಿಸುವ ಬಾನುಲಿಗೆ ಒಂದು ಮಾನದಂಡ, ಅಂತರ್ಜಾಲಕ್ಕೆ ಇನ್ನೊಂದು: ಮೊದಲನೆಯದರ ದರವನ್ನು ಕಟ್ಟುವಾಗ ಆ ಉದ್ಯಮಕ್ಕೆ ಅತಿಯಾದ ಆಘಾತವಾಗದಂತೆ ನೋಡಿಕೊಳ್ಳಬೇಕೆಂಬ ನಿಯಮವಿತ್ತು, ಎರಡನೆಯದಕ್ಕೆ ಆ ಕರುಣೆ ಇರಲಿಲ್ಲ, ಇಷ್ಟಪಟ್ಟು ಕೊಳ್ಳುವವನೂ ಇಷ್ಟಪಟ್ಟು ಮಾರುವವನೂ ಪೇಟೆಯಲ್ಲಿ ಒಪ್ಪಿಕೊಳ್ಳಬಹುದಾದ ಬೆಲೆಯೆಷ್ಟೆಂದು ಊಹಿಸಿ ಅದನ್ನೇ ವಿಧಿಸತಕ್ಕದ್ದೆಂದಿತ್ತು. 2007ರ ಕೊನೆಯಲ್ಲಿ ಉಪಗ್ರಹ ಬಾನುಲಿಗೆ ಅದೇ ಮಂಡಳಿ ಗೊತ್ತುಮಾಡಿದ ದರ ಆದಾಯದ ಶೇಕಡಾ 6ರಿಂದ ಮೊದಲಾಗಿ ಕ್ರಮೇಣ 8ಕ್ಕೆ ಏರತಕ್ಕದ್ದು. ಒಂದೇ ಹಾಡು, ಒಬ್ಬನೇ ಗಾಯಕ. ಮಾರ್ಗ ಭಿನ್ನವಾದ ಮಾತ್ರಕ್ಕೆ ಒಬ್ಬನಿಗೆ ಸೊನ್ನೆ, ಇನ್ನೊಬ್ಬನಿಗೆ ಆದಾಯದ ಅಲ್ಪಾಂಶ, ಮತ್ತೊಬ್ಬನಿಗೆ ಸರ್ವಸ್ವ.

ಆ ಮತ್ತೊಬ್ಬನು ಯಾರೆಂಬುದನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಬೆಟ್ಟದ ತಪ್ಪಲಿನ ಊರಿನಲ್ಲಿ ಬಿಲ್ ಗೋಲ್ಡ್‌ಸ್ಮಿತ್ ಮತ್ತು ಅವರ ಪತ್ನಿ ರೆಬೆಕಾ 2000ದಲ್ಲಿ ಆರಂಭಿಸಿದ ರೇಡಿಯೋ ಪ್ಯಾರಡೈಸ್ ಜಾಹೀರಾತಿಲ್ಲದ ಕೇಂದ್ರ. ಒಂದು ಹಾಡಿನ ಭಾವ ಮುಗಿಯುವಲ್ಲಿ ಯಾವ ಹಾಡು ತೊಡಗಿದರೆ ಒಪ್ಪೀತೆಂಬುದನ್ನು ಯಂತ್ರಕ್ಕೆ ಬಿಡದೆ ಮನುಷ್ಯನೇ ಕುಳಿತು ಹೊಂದಿಸಿದ ಸಂಗೀತಧಾರೆಯದು, ಶ್ರೋತೃಗಳ ಕಾಣಿಕೆಯೇ ಅದರ ಜೀವನಾಧಾರ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ರಸ್ಟಿ ಹಾಜ್ ನಡೆಸುತ್ತಿದ್ದ ಸೋಮಾ ಎಫ್‌ಎಂ ಕೂಡ ಅದೇ ಜಾತಿಯದು. ಇಂತಹವುಗಳಲ್ಲಿ ಕೇಳಿಬರುತ್ತಿದ್ದದ್ದು ಗೋಪುರದ ಬಾನುಲಿಗಳಲ್ಲಿ ಎಂದಿಗೂ ಸರದಿ ಬಾರದ ಸಂಗೀತ: ಸಣ್ಣ ಧ್ವನಿಮುದ್ರಣ ಸಂಸ್ಥೆಗಳ ಜಾಜ್, ಹಳ್ಳಿಗಾಡಿನ ಪಿಟೀಲು, ಅನ್ಯದೇಶಗಳ ಜಾನಪದ, ಇನ್ನೂ ಹೆಸರು ಪಡೆಯದ ತರುಣರ ಪ್ರಥಮ ಪ್ರಯತ್ನ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸವಾದ ವಿಠ್ಠಲ ವಿಹಾರದಲ್ಲಿಯೇ ಪುಟ್ಟ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ, ಅದನ್ನು ಸಂಸ್ಥಾನದ ಸರ್ಕಾರ ವಹಿಸಿಕೊಳ್ಳುವವರೆಗೆ ಪೋಷಿಸಿಕೊಂಡು ಬಂದ ವೃತ್ತಾಂತ ಕನ್ನಡಿಗರಿಗೆ ತಿಳಿದದ್ದೇ. ಒಬ್ಬ ರಸಿಕನ ಮನೆಯಿಂದ ಹೊರಟ ಧ್ವನಿಗೆ ನಾಡಿನ ಬಾಳಿನಲ್ಲಿ ಎಂತಹ ಸ್ಥಾನ ದೊರೆಯಬಹುದೆಂಬುದನ್ನು ಕಂಡ ನಾವು, ಈ ಸಣ್ಣ ಕೇಂದ್ರಗಳನ್ನು ಕೇವಲ ವಿನೋದವೆಂದು ತಳ್ಳಿಹಾಕುವಂತಿಲ್ಲ.

ಹಾಗೆಂದು ಹಾಡಿದವನಿಗೆ ಹಣವೇ ಸಲ್ಲಬಾರದೆಂದು ವಾದಿಸಿದವರ ಪಕ್ಷವನ್ನು ನಾನು ಹಿಡಿಯಲಾರೆ. ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಅಲ್ಲಿ ಈ ರಾಯಧನವನ್ನು ಸಂಗ್ರಹಿಸಿ, ಅದರಲ್ಲಿ ಶೇಕಡಾ 50ನ್ನು ಮುದ್ರಿಕೆಯ ಒಡೆಯರಿಗೂ, 45ನ್ನು ಮುಖ್ಯ ಕಲಾವಿದರಿಗೂ, 5ನ್ನು ಪಕ್ಕವಾದ್ಯದವರೇ ಮೊದಲಾದ ಸಹಕಲಾವಿದರಿಗೂ ಹಂಚುತ್ತದೆ. ಮುದ್ರಣ ಸಂಸ್ಥೆಯ ಹಳೆಯ ಸಾಲದ ಲೆಕ್ಕದಲ್ಲಿ ಮುಳುಗಿಹೋಗದೆ ಕಲಾವಿದನ ಕೈಗೆ ನೇರವಾಗಿ ಬರುವ ಹಣ ಅದು; ಮುಪ್ಪಿನಲ್ಲಿರುವ ಎಷ್ಟೋ ಗಾಯಕರಿಗೆ ಅದು ನಿಜವಾದ ಆಸರೆ. ಗೋಪುರದ ಬಾನುಲಿಗಳು ಈ ಋಣದಿಂದ ಇಂದಿಗೂ ಮುಕ್ತವಾಗಿರುವುದೇ ಅನ್ಯಾಯವೆಂದು ನನ್ನ ನಿಶ್ಚಿತಾಭಿಪ್ರಾಯ. ಆದರೆ ಕಲಾವಿದನ ಕೃತಿಯನ್ನು ಕೇಳಿಸುವ ಕೇಂದ್ರವೇ ಅಳಿದುಹೋದಮೇಲೆ ಅವನಿಗೆ ದೊರೆಯುವ ಪಾಲಾದರೂ ಏನು? ಸಣ್ಣವರು ಕೇಳಿದ್ದು ವಿನಾಯಿತಿಯನ್ನಲ್ಲ, ತಮ್ಮ ಶಕ್ತಿಗೆ ತಕ್ಕ ದರವನ್ನು. ಪ್ರತಿನಿಧಿಗೆ ಬರೆಯುವವರು ಈ ಭೇದವನ್ನು ಮರೆಯದಿದ್ದುದರಿಂದಲೇ ಅವರ ಮಾತಿಗೆ ನ್ಯಾಯದ ಬಲ ಬಂದಿತು.

ಪತ್ರ ಬರೆಯುವ ಈ ಮಾರ್ಗ 2007ರಲ್ಲಿಯೇ ಹೊಸದಾಗಿ ತೋರಿದ್ದೂ ಅಲ್ಲ. ಐದು ವರ್ಷ ಮುಂಚೆ, 2002ರಲ್ಲಿ, ಹಾಡೊಂದಕ್ಕೆ ಶ್ರೋತೃವೊಬ್ಬನಿಗೆ 0.14 ಸೆಂಟ್ ಎಂಬ ದರವನ್ನು ಅಂದಿನ ಮಧ್ಯಸ್ಥಿಕೆ ಸಮಿತಿ ಸೂಚಿಸಿದಾಗಲೂ ಕೇಂದ್ರಗಳು ಮೇ 1ರಂದು ಮೌನವನ್ನಾಚರಿಸಿದ್ದುವು. ದರವನ್ನು ಅಂತಿಮವಾಗಿ ನಿರ್ಣಯಿಸಬೇಕಾಗಿದ್ದ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಸ್ಥ ಜೇಮ್ಸ್ ಬಿಲ್ಲಿಂಗ್‌ಟನ್ ಅದನ್ನು ಅರ್ಧಕ್ಕೆ, 0.07 ಸೆಂಟಿಗೆ ಇಳಿಸಿದ್ದರು. ಅದೇ ವರ್ಷದ ಕೊನೆಯಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಸಣ್ಣ ಕೇಂದ್ರಗಳಿಗೆಂದೇ ಪ್ರತ್ಯೇಕ ಶಾಸನವೊಂದನ್ನು ಮಾಡಿಕೊಟ್ಟಿತ್ತು. ಆದಾಯದ ಅಂಶವನ್ನು ಸಲ್ಲಿಸುವ ಅನುಕೂಲ ಬಂದದ್ದೇ ಅದರಿಂದ. ಆ ಅನುಭವವುಳ್ಳವರು 2007ರಲ್ಲಿ ಮತ್ತೆ ಪ್ರಜಾಪ್ರತಿನಿಧಿಗಳ ಬಾಗಿಲಿಗೆ ಹೋದರು.

ಏಪ್ರಿಲ್ 26ರಂದು ವಾಷಿಂಗ್ಟನ್ ರಾಜ್ಯದ ಡೆಮೊಕ್ರಾಟಿಕ್ ಪಕ್ಷದ ಜೇ ಇನ್ಸ್ಲೀ, ಇಲಿನಾಯ್ ರಾಜ್ಯದ ರಿಪಬ್ಲಿಕನ್ ಪಕ್ಷದ ಡಾನ್ ಮಂಜುಲೋ ಇಬ್ಬರೂ ಕೂಡಿ ಪ್ರತಿನಿಧಿ ಸಭೆಯಲ್ಲಿ 2060ನೆಯ ಸಂಖ್ಯೆಯ ಮಸೂದೆಯನ್ನು ಮಂಡಿಸಿದರು. ಮಂಡಳಿಯ ತೀರ್ಪನ್ನು ರದ್ದುಗೊಳಿಸಿ, ಕೇಂದ್ರದ ಆದಾಯದ ಶೇಕಡಾ 7.5ನ್ನಾಗಲಿ, ಒಬ್ಬ ಶ್ರೋತೃ ಒಂದು ಗಂಟೆ ಕೇಳಿದ್ದಕ್ಕೆ 0.33 ಸೆಂಟನ್ನಾಗಲಿ ಸಲ್ಲಿಸಿದರೆ ಸಾಕೆಂಬುದು ಅದರ ತಾತ್ಪರ್ಯ. ಸೆನೆಟ್ಟಿನಲ್ಲಿ ಅದಕ್ಕೆ ಜೊತೆಯಾದ ಮಸೂದೆಯನ್ನು ತಂದವರು ಓರೆಗಾನಿನ ರಾನ್ ವೈಡೆನ್ ಮತ್ತು ಕ್ಯಾನ್ಸಾಸಿನ ಸ್ಯಾಮ್ ಬ್ರೌನ್‌ಬ್ಯಾಕ್. ಅವರೂ ಪರಸ್ಪರ ಎದುರುಪಕ್ಷದವರೇ. ಶ್ರೋತೃಗಳ ಪತ್ರಗಳೂ ಕರೆಗಳೂ ಪ್ರವಾಹದಂತೆ ಹರಿದುಬಂದ ಆ ದಿನಗಳಲ್ಲಿ ಪ್ರತಿನಿಧಿ ಸಭೆಯ ನೂರಕ್ಕೂ ಮಿಕ್ಕ ಸದಸ್ಯರು ಮಸೂದೆಗೆ ಸಹಪ್ರಾಯೋಜಕರಾಗಿ ತಮ್ಮ ಹೆಸರುಗಳನ್ನು ಸೇರಿಸಿದರು. ಸಂಗೀತದ ಕೃತಿಸ್ವಾಮ್ಯದಂತಹ, ಚುನಾವಣೆಯಲ್ಲಿ ಒಂದು ಮತವನ್ನೂ ತಂದುಕೊಡದ ಶುಷ್ಕವಿಷಯವೊಂದಕ್ಕೆ ಅಷ್ಟು ಮಂದಿ ಕೈಯೆತ್ತಿದ್ದು ಅವರೆಲ್ಲರ ಸಂಗೀತಪ್ರೇಮದಿಂದಲ್ಲ. ತಮ್ಮ ಕ್ಷೇತ್ರದವರು ಕೇಳಿದರೆಂಬುದರಿಂದ.

ಕ್ಷೇತ್ರದವರು ಎಂಬ ಆ ಮಾತಿನಲ್ಲಿಯೇ ಪತ್ರ ಬರೆಯುವ ವಿದ್ಯೆಯ ಮರ್ಮವಿದೆ. ಅಮೆರಿಕಾದ ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರು, ಸೆನೆಟ್ಟಿನಲ್ಲಿ ನೂರು ಮಂದಿ; ಪ್ರತಿಯೊಂದು ರಾಜ್ಯದ ನಿವಾಸಿಗೂ ತನ್ನವರೆಂದು ಹೇಳಿಕೊಳ್ಳಬಹುದಾದವರು ಮೂವರು, ಒಬ್ಬ ಪ್ರತಿನಿಧಿ ಮತ್ತು ಇಬ್ಬರು ಸೆನೆಟರುಗಳು. ಮಿಕ್ಕವರಿಗೆ ಎಷ್ಟು ಸೊಗಸಾಗಿ ಬರೆದರೂ ಆ ಪತ್ರ ಬಹುಮಟ್ಟಿಗೆ ವ್ಯರ್ಥ. ಸದಸ್ಯನ ಕಚೇರಿಯಲ್ಲಿ ಪತ್ರವನ್ನು ಮೊದಲು ತೆರೆಯುವವರು ಕಾಲೇಜಿನಿಂದ ಆಗತಾನೆ ಹೊರಬಂದ ಕಿರಿಯ ಸಹಾಯಕರು. ಅವರು ಮೊದಲು ನೋಡುವುದು ಬರೆದವರ ವಿಳಾಸವನ್ನೂ ಅಂಚೆಯ ಸಂಖ್ಯೆಯನ್ನೂ. ಕ್ಷೇತ್ರದ ಒಳಗಿನವರಾದರೆ ವಿಷಯವನ್ನು ಗುರುತಿಸಿ, ಪರವೋ ವಿರೋಧವೋ ಎಂದು ವಿಂಗಡಿಸಿ, ಸಂಖ್ಯೆಯನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಆ ಲೆಕ್ಕ ಸದಸ್ಯನ ಮೇಜಿಗೆ ಹೋಗುತ್ತದೆ. ಅದರೊಂದಿಗೆ, ಓದಿದವರ ಮನಸ್ಸಿನಲ್ಲಿ ನಿಂತ ಒಂದೆರಡು ಪತ್ರಗಳೂ ಹೋಗುವುದುಂಟು. 2001ರಲ್ಲಿ ಆಂತ್ರಾಕ್ಸ್ ರೋಗಾಣುಗಳನ್ನು ತುಂಬಿದ ಲಕೋಟೆಗಳು ಸೆನೆಟರುಗಳ ಹೆಸರಿಗೆ ಬಂದಂದಿನಿಂದ ರಾಜಧಾನಿಯ ಸರ್ಕಾರಿ ಕಚೇರಿಗಳಿಗೆ ಹೋಗುವ ಅಂಚೆಯನ್ನು ವಿಕಿರಣಕ್ಕೆ ಒಡ್ಡಿ ಶುದ್ಧಗೊಳಿಸುವ ಪದ್ಧತಿ ಬಂದಿರುವುದರಿಂದ, ಕಾಗದದ ಪತ್ರ ತಲುಪುವುದು ತಡ. ಹೀಗಾಗಿ ಅವಸರದ ಸಂಗತಿಯಾದರೆ ದೂರವಾಣಿ, ಮಿಂಚಂಚೆ, ಇಲ್ಲವೆ ಸ್ವಂತ ಊರಿನಲ್ಲಿಯೇ ಇರುವ ಸದಸ್ಯನ ಸ್ಥಳೀಯ ಕಚೇರಿ, ಇವೇ ಲೇಸು. ಅಧಿವೇಶನವಿಲ್ಲದ ಆಗಸ್ಟ್ ತಿಂಗಳಿನಲ್ಲಿ ಸದಸ್ಯರು ಕ್ಷೇತ್ರಕ್ಕೆ ಬಂದು ಸಭೆಗಳನ್ನು ನಡೆಸುತ್ತಾರೆ. ಅಲ್ಲಿ ಎದ್ದುನಿಂತು ಕೇಳಿದ ಒಂದು ಪ್ರಶ್ನೆ ಹತ್ತು ಪತ್ರಗಳಿಗೆ ಸಮ.

ಪತ್ರದ ಒಡಲು ಹೇಗಿರಬೇಕು? ಅಚ್ಚುಹಾಕಿದ ಒಂದೇ ಒಕ್ಕಣೆಯನ್ನು ಸಾವಿರ ಮಂದಿ ಕಳುಹಿಸಿದರೆ ಅದು ಸಂಖ್ಯೆಗೆ ಮಾತ್ರ ಸಲ್ಲುತ್ತದೆ. ಸ್ವಂತ ಮಾತಿನಲ್ಲಿ ಬರೆದದ್ದು ಓದಿಗೂ ಸಲ್ಲುತ್ತದೆ. ಆ ಬೇಸಿಗೆಯಲ್ಲಿ ಶ್ರೋತೃವೊಬ್ಬರು ಬರೆಯಬಹುದಾಗಿದ್ದ ಪತ್ರದ ಮಾದರಿಯೊಂದನ್ನು ನಾನೇ ಕಲ್ಪಿಸಿ ಕೊಡುತ್ತೇನೆ: “ಮಾನ್ಯರೇ, ನಾನು ತಮ್ಮ ಕ್ಷೇತ್ರದ ಮತದಾರಳು, ಶಾಲೆಯೊಂದರ ಉಪಾಧ್ಯಾಯಿನಿ. ನಮ್ಮ ಊರಿನ ಬಾನುಲಿಗಳಲ್ಲಿ ದೊರೆಯದ ಪುರಾತನ ವಾದ್ಯಸಂಗೀತವನ್ನು ನಾನು ಅಂತರ್ಜಾಲದ ಒಂದು ಸಣ್ಣ ಕೇಂದ್ರದಲ್ಲಿ ಪ್ರತಿದಿನವೂ ಕೇಳುತ್ತೇನೆ. ಅಲ್ಲಿ ಕೇಳಿ ಮೆಚ್ಚಿದ ಮುದ್ರಿಕೆಗಳನ್ನು ಹಣ ಕೊಟ್ಟು ಕೊಂಡಿದ್ದೇನೆ. ಜುಲೈ 15ರಿಂದ ಜಾರಿಗೆ ಬರಲಿರುವ ದರ ಆ ಕೇಂದ್ರದ ಆದಾಯವನ್ನೇ ಮೀರುವುದರಿಂದ ಅದು ನಿಂತುಹೋಗುತ್ತದೆ. ಕಲಾವಿದರಿಗೆ ನ್ಯಾಯವಾದ ಪಾಲು ಸಲ್ಲಲೇಬೇಕು. ಸಲ್ಲಿಸುವವರು ಬದುಕಿರುವಂತೆಯೂ ದರವಿರಬೇಕು. 2060ನೆಯ ಸಂಖ್ಯೆಯ ಮಸೂದೆಗೆ ತಾವು ಸಹಪ್ರಾಯೋಜಕರಾಗಬೇಕೆಂದು ಪ್ರಾರ್ಥಿಸುತ್ತೇನೆ. ತಮ್ಮ ನಿಲುವೇನೆಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.” ಇಷ್ಟೇ ಸಾಕು. ಬರೆದವರು ಯಾರು, ಎಂತಹ ಕೇಂದ್ರ, ಯಾವ ದಿನಾಂಕ, ಯಾವ ಮಸೂದೆ, ಏನು ಮಾಡಬೇಕು, ಇವೆಲ್ಲವೂ ಒಂದು ಪುಟದೊಳಗೆ ಬಂದುವು. ಕೋಪದ ಮಾತೊಂದೂ ಬರಲಿಲ್ಲ. ಕೊನೆಯಲ್ಲಿ ನಿಲುವನ್ನು ಕೇಳಿದ್ದರಿಂದ ಕಚೇರಿ ಉತ್ತರ ಬರೆಯಬೇಕಾಗುತ್ತದೆ. ಉತ್ತರ ಬರೆಯಬೇಕಾದರೆ ಸದಸ್ಯನಿಗೊಂದು ನಿಲುವಿರಬೇಕಾಗುತ್ತದೆ. ಉತ್ತರ ಬಂದಮೇಲೆ ಕೃತಜ್ಞತೆಯ ಎರಡು ಸಾಲು ಬರೆಯುವವರು ಅಪರೂಪ. ಅದನ್ನೂ ಬರೆದವರ ಹೆಸರು ಕಚೇರಿಯವರ ನೆನಪಿನಲ್ಲಿ ಉಳಿಯುತ್ತದೆ.

ಇನ್ನು ಫಲವೇನಾಯಿತೆಂಬುದನ್ನು ಹೇಳಬೇಕು. ಜುಲೈ 11ರಂದು ಮೇಲ್ಮನವಿ ನ್ಯಾಯಾಲಯ ತೀರ್ಪಿಗೆ ತಡೆಯಾಜ್ಞೆ ಕೊಡಲು ನಿರಾಕರಿಸಿತು. ಇನ್ಸ್ಲೀಯವರ ಮಸೂದೆಯೂ ಕಡೆಗೆ ಅಂಗೀಕಾರವಾಗಲಿಲ್ಲ. ಇವೆರಡನ್ನೇ ನೋಡಿದವರು ಪತ್ರಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತಾದುವೆಂದು ಹೇಳಿಯಾರು. ಆದರೆ ನ್ಯಾಯಾಲಯದ ಬಾಗಿಲು ಮುಚ್ಚಿದ ದಿನಗಳಲ್ಲಿಯೇ ಇನ್ನೊಂದು ಬಾಗಿಲು ತೆರೆಯಿತು: ಪ್ರತಿನಿಧಿ ಸಭೆಯ ಸಣ್ಣ ಉದ್ಯಮಗಳ ಸಮಿತಿ ಜೂನ್ ತಿಂಗಳಲ್ಲಿಯೇ ಈ ವಿಷಯದ ವಿಚಾರಣೆಯನ್ನು ನಡೆಸಿತ್ತು, ಕಾಂಗ್ರೆಸ್ಸಿನ ಸದಸ್ಯರು ಹಣ ಸಲ್ಲಿಸುವವರನ್ನೂ ಸಂಗ್ರಹಿಸುವವರನ್ನೂ ಕೂಡಿಸಿ ಸಂಧಾನಕ್ಕೆ ಒತ್ತಾಯಪಡಿಸಿದ್ದರು, ಅದರ ಪರಿಣಾಮವಾಗಿ ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆ, ಪ್ರಾಮಾಣಿಕವಾಗಿ ಮಾತುಕತೆ ನಡೆಸುತ್ತಿರುವ ಕೇಂದ್ರಗಳ ಮೇಲೆ ಹೊಸ ದರವನ್ನು ಬಲವಂತವಾಗಿ ಹೇರುವುದಿಲ್ಲವೆಂದು ತಿಳಿಸಿತು. ಒಂದೊಂದು ವಾಹಿನಿಗೂ 500 ಡಾಲರ್ ಎಂಬ ಕನಿಷ್ಠ ಶುಲ್ಕ ಸಂಸ್ಥೆಯೊಂದಕ್ಕೆ ಒಟ್ಟು 50,000 ಡಾಲರನ್ನು ಮೀರಕೂಡದೆಂಬ ಒಪ್ಪಂದ ಆ ಆಗಸ್ಟ್ ತಿಂಗಳಲ್ಲಿಯೇ ಆಯಿತು. ಪ್ರತಿಯೊಬ್ಬ ಶ್ರೋತೃವಿಗೂ ಅವನದೇ ಆದ ವಾಹಿನಿಯನ್ನು ಕಟ್ಟಿಕೊಡುತ್ತಿದ್ದ ಪಾಂಡೋರಾದಂತಹ ಸಂಸ್ಥೆಗೆ ಅದು ಪ್ರಾಣದಾನವಾಯಿತು.

ಆದರೂ ಸಂಧಾನದ ದರಕ್ಕೆ ಶಾಸನದ ಮನ್ನಣೆ ಬೇಕಾಗಿತ್ತು. 2008ರ ಸೆಪ್ಟೆಂಬರಿನಲ್ಲಿ ಇನ್ಸ್ಲೀ ಅದಕ್ಕೆಂದು ಮತ್ತೊಂದು ಸಣ್ಣ ಮಸೂದೆಯನ್ನು ತಂದರು. ಲೀಮನ್ ಬ್ರದರ್ಸ್ ದಿವಾಳಿಯೆದ್ದು, ಬ್ಯಾಂಕುಗಳನ್ನು ಉಳಿಸುವ ಮಹಾಮಸೂದೆಯ ಚರ್ಚೆಯಲ್ಲಿ ಇಡೀ ಕಾಂಗ್ರೆಸ್ಸು ಮುಳುಗಿದ್ದ ವಾರವದು. ಗೋಪುರದ ಬಾನುಲಿಗಳ ಸಂಘ ಈ ಮಸೂದೆಗೆ ಅಡ್ಡಬರುತ್ತಿದೆಯೆಂಬ ಸುದ್ದಿ ಹಬ್ಬಿದಾಗ, ಸ್ವತಃ ಪಿಯಾನೋ ವಾದಕರಾದ ಪಾಂಡೋರಾದ ಸ್ಥಾಪಕ ಟಿಮ್ ವೆಸ್ಟರ್‌ಗ್ರೆನ್ ತಮ್ಮ ಶ್ರೋತೃಗಳಿಗೆ ಮೊರೆಯಿಟ್ಟರು. ಕರೆಗಳ ಮೇಲೆ ಕರೆಗಳು ಹೋದುವು. ಸಂಘ ತನ್ನ ಆಕ್ಷೇಪವನ್ನು ಹಿಂದೆಗೆದುಕೊಂಡಿತು. ಸೆಪ್ಟೆಂಬರ್ 27ರಂದು ಪ್ರತಿನಿಧಿ ಸಭೆಯೂ 30ರಂದು ಸೆನೆಟ್ಟೂ ಮಸೂದೆಯನ್ನು ಅಂಗೀಕರಿಸಿ, ಅಕ್ಟೋಬರ್ 16ರಂದು ಅಧ್ಯಕ್ಷರ ಸಹಿ ಬಿದ್ದಿತು. ಸಂಧಾನದ ಗಡುವನ್ನು 2009ರಲ್ಲಿ ಮತ್ತೊಂದು ಶಾಸನ ವಿಸ್ತರಿಸಿತು. ಆ ಜುಲೈ ತಿಂಗಳಲ್ಲಿ ಒಪ್ಪಂದ ಮುಗಿಯಿತು. ಮಂಡಳಿ 2010ಕ್ಕೆ 0.19 ಸೆಂಟ್ ಎಂದಿದ್ದಲ್ಲಿ ಒಪ್ಪಂದದ ದರ 0.097 ಸೆಂಟ್, ದೊಡ್ಡ ಸಂಸ್ಥೆಗಳಿಗೆ ಇದು, ಇಲ್ಲವೆ ಆದಾಯದ ಕಾಲುಭಾಗ, ಯಾವುದು ಹೆಚ್ಚೋ ಅದು. ಸಣ್ಣ ಕೇಂದ್ರಗಳಿಗೆ ಮತ್ತೆ ಆದಾಯದ ಅಂಶವನ್ನೇ ಸಲ್ಲಿಸುವ ಅನುಕೂಲ ಲಭಿಸಿತು. ರೇಡಿಯೋ ಪ್ಯಾರಡೈಸ್ ಉಳಿಯಿತು, ಸೋಮಾ ಎಫ್‌ಎಂ ಉಳಿಯಿತು.

ಉಳಿದದ್ದು ಶಾಶ್ವತವಾಗಿ ಅಲ್ಲ. ಒಪ್ಪಂದದ ಅವಧಿ 2015ರ ಕೊನೆಗೆ ಮುಗಿದು, ಡಿಸೆಂಬರ್ 16ರಂದು ಹೊರಬಿದ್ದ ಮಂಡಳಿಯ ಹೊಸ ನಿರ್ಣಯದಲ್ಲಿ ಸಣ್ಣವರಿಗೆ ಪ್ರತ್ಯೇಕ ದರವಿಲ್ಲದೆ ಹೋದಾಗ ಜನರ ಗಮನ ಬೇರೆಡೆಗೆ ಹರಿದಿತ್ತು. 2007ರಲ್ಲಿ ಎದ್ದಂತಹ ಕೂಗು ಈ ಸಲ ಏಳಲಿಲ್ಲ. ಅಸಂಖ್ಯ ಹವ್ಯಾಸಿಗಳ ಆಶ್ರಯವಾಗಿದ್ದ ಲೈವ್365 ಮರುತಿಂಗಳು, 2016ರ ಜನವರಿ 31ರಂದು ಮುಚ್ಚಿಹೋಯಿತು. ಹೊಸ ಒಡೆತನದಲ್ಲಿ ಅದು ಮತ್ತೆ ತೆರೆಯಿತಾದರೂ, ನಡುವೆ ನಿಂತುಹೋದ ಎಷ್ಟೋ ವಾಹಿನಿಗಳು ಮರಳಿ ಬರಲಿಲ್ಲ. ಐದು ವರ್ಷಕ್ಕೊಮ್ಮೆ ದರವನ್ನು ಹೊಸದಾಗಿ ಕಟ್ಟುವ ನಿಯಮವಿರುವುದರಿಂದ ಐದು ವರ್ಷಕ್ಕೊಮ್ಮೆ ಈ ಆತಂಕವೂ ಮರಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿಯೂ ನ್ಯೂಜೆರ್ಸಿಯಲ್ಲಿಯೂ ನೆಲೆಸಿ ಅಲ್ಲಿನ ಪೌರತ್ವವನ್ನು ಪಡೆದಿರುವ ನಮ್ಮವರಿಗೂ ತಲಾ ಒಬ್ಬ ಪ್ರತಿನಿಧಿ, ಇಬ್ಬರು ಸೆನೆಟರುಗಳಿದ್ದಾರೆ; ದೂರದ ದೇಶದಲ್ಲಿ ತಾಯ್ನುಡಿಯ ಹಾಡನ್ನು ಅಂತರ್ಜಾಲದಿಂದಲೇ ಕೇಳಬೇಕಾದ ಅವರು ಈ ವಿಷಯದಲ್ಲಿ ಪ್ರೇಕ್ಷಕರಾಗಿ ಕೂರಬೇಕಾದ ಕಾರಣವಿಲ್ಲ.

ಭಾರತದ ಪರಿಸ್ಥಿತಿಯೂ ನಿಶ್ಚಿಂತವಾದದ್ದಲ್ಲ. ನಮ್ಮಲ್ಲಿ 2010ರಲ್ಲಿ ಕೃತಿಸ್ವಾಮ್ಯ ಮಂಡಳಿ ಖಾಸಗಿ ಎಫ್‌ಎಂ ಕೇಂದ್ರಗಳಿಗೆ ನಿವ್ವಳ ಜಾಹೀರಾತು ಆದಾಯದ ಶೇಕಡಾ 2 ಎಂಬ ಸುಲಭ ದರವನ್ನು ವಿಧಿಸಿತ್ತು. ಗೀತರಚನಕಾರರ ಹಕ್ಕುಗಳಿಗಾಗಿ ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿ ನಿಂತು ಮಾತನಾಡಿದ 2012ರ ತಿದ್ದುಪಡಿಯು, ಪ್ರಸಾರ ಸಂಸ್ಥೆಗಳು ಮುಂದಾಗಿ ತಿಳಿಸಿ, ಗೊತ್ತಾದ ದರವನ್ನು ಸಲ್ಲಿಸಿದರೆ ಮುದ್ರಿತ ಸಂಗೀತವನ್ನು ಬಿತ್ತರಿಸಬಹುದೆಂಬ 31ಡಿ ಪ್ರಕರಣವನ್ನು 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ಸೇರಿಸಿತು. ಅಂತರ್ಜಾಲದ ಪ್ರಸಾರಕ್ಕೂ ಅದು ಅನ್ವಯಿಸುತ್ತದೆಯೆಂದು ಕೇಂದ್ರ ಸರ್ಕಾರದ ಇಲಾಖೆ 2016ರಲ್ಲಿ ಹೇಳಿತ್ತಾದರೂ, ಧ್ವನಿಮುದ್ರಣ ಸಂಸ್ಥೆಯಾದ ಟಿಪ್ಸ್ ಮತ್ತು ಅಂತರ್ಜಾಲದಲ್ಲಿ ಸಂಗೀತವನ್ನೊದಗಿಸುತ್ತಿದ್ದ ವಿಂಕ್ ಸಂಸ್ಥೆಗಳ ನಡುವಣ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ 2019ರಲ್ಲಿ ಆ ಅನುಕೂಲ ರೇಡಿಯೋ ಮತ್ತು ದೂರದರ್ಶನಗಳಿಗೆ ಮಾತ್ರವೆಂದು ತೀರ್ಪಿತ್ತಿತು. 2022ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ವ್ಯಾಜ್ಯವೇನೋ ದೊಡ್ಡ ವಾಣಿಜ್ಯ ಸಂಸ್ಥೆಗಳದು. ಆದರೆ ಅದರ ಪರಿಣಾಮ, ಚಲನಚಿತ್ರಗೀತೆಯೋ ಭಾವಗೀತೆಯೋ ಹಾಕಿ ಕನ್ನಡದಲ್ಲಿ ನಾಲ್ಕು ಮಾತನಾಡಬೇಕೆನ್ನುವ ಸಣ್ಣ ಅಂತರ್ಜಾಲ ಬಾನುಲಿಗೂ ತಟ್ಟುತ್ತದೆ. ಅದು ಒಂದೊಂದು ಮುದ್ರಣ ಸಂಸ್ಥೆಯ ಮುಂದೆಯೂ ಪ್ರತ್ಯೇಕವಾಗಿ ಕೈಚಾಚಿ, ಅವರು ಹೇಳಿದ ಬೆಲೆಗೆ ತಲೆಬಾಗಬೇಕು. ಅವರು ಒಲ್ಲೆನೆಂದರೆ ಮುಗಿಯಿತು. 2021ರ ಜುಲೈ ತಿಂಗಳಲ್ಲಿ ಸಂಸತ್ತಿನ ವಾಣಿಜ್ಯ ಸ್ಥಾಯೀ ಸಮಿತಿ ತನ್ನ 161ನೆಯ ವರದಿಯಲ್ಲಿ, 31ಡಿ ಪ್ರಕರಣವನ್ನು ತಿದ್ದಿ ಅಂತರ್ಜಾಲ ಪ್ರಸಾರಕರನ್ನೂ ಅದರಲ್ಲಿ ಸೇರಿಸಬೇಕೆಂದು ಶಿಫಾರಸು ಮಾಡಿದೆ. ಶಿಫಾರಸನ್ನು ಶಾಸನವಾಗಿಸುವ ಶಕ್ತಿ ಸಂಸತ್ತಿಗೆ ಮಾತ್ರ ಇರುವುದು. ಸಂಸತ್ತಿನ ಸದಸ್ಯನಾದರೋ ಯಾರೂ ಕೇಳದ ವಿಷಯವನ್ನು ತಾನಾಗಿ ಎತ್ತುವುದು ಬಹು ವಿರಳ.

ಕರ್ನಾಟಕದಿಂದ ಲೋಕಸಭೆಗೆ 28 ಮಂದಿ, ರಾಜ್ಯಸಭೆಗೆ 12 ಮಂದಿ ಸದಸ್ಯರಿದ್ದಾರೆ. ಅವರು ಪ್ರಶ್ನೆ ಕೇಳಬಹುದು, ಶೂನ್ಯವೇಳೆಯಲ್ಲಿ ಪ್ರಸ್ತಾಪಿಸಬಹುದು, ಖಾಸಗಿ ಮಸೂದೆಯನ್ನು ತರಬಹುದು, ಇಲಾಖೆಯ ಮಂತ್ರಿಗೆ ಸ್ವತಃ ಬರೆಯಬಹುದು. ಅಂತರ್ಜಾಲದ ಬಾನುಲಿಯೊಂದನ್ನು ನೀವು ಪ್ರೀತಿಯಿಂದ ಕೇಳುವವರಾದರೆ, ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಒಂದು ಪುಟ ಬರೆಯಿರಿ: ನಿಮ್ಮ ಹೆಸರು, ಊರು, ಕೇಳುವ ಕೇಂದ್ರ, ಅದರಿಂದ ನಿಮಗೆ ದೊರೆತದ್ದು, 31ಡಿ ಪ್ರಕರಣ, 161ನೆಯ ವರದಿಯ ಶಿಫಾರಸು, ಮತ್ತು ಅವರಿಂದ ನೀವು ಬಯಸುವ ಒಂದೇ ಒಂದು ಕಾರ್ಯ. ಗಾಯಕನಿಗೂ ಕವಿಗೂ ಪಾಲು ತಪ್ಪಬಾರದೆಂಬ ಮಾತನ್ನು ಅದರಲ್ಲಿ ಮರೆಯದೆ ಸೇರಿಸಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಿರಿ. ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು.